ಡಾಂಬರು ಬಳಿದ ಸಾಲು

ಸಿಟ್ಟು ಬಂದರೆ ಗುರುಪಾದಪ್ಪ ಮೇಷ್ಟ್ರಿಗೆ ಹಿಂದುಮುಂದು ಕಾಣುವುದಿಲ್ಲ ಎಂದು ಇಡೀ ಕಾಲೇಜಿಗೇ ಗೊತ್ತು. ಆ ಮೇಷ್ಟ್ರು ನಾನೇ. ಅವತ್ತು ಖಾನಾಪುರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಲೇ ಇದ್ದೆ.

ಒಂಬತ್ತು ವರ್ಷ! ಹಡಗಿನಲ್ಲಿ ಕೆಲಸಕ್ಕಿದ್ದ ಗೆಳೆಯ ೧೯೭೭ರಲ್ಲಿ ಅರಬ್ಬಿ ಸಮುದ್ರದ ಯಾವುದೋ ಬೋಳು ದ್ವೀಪದಿಂದ ಮೂರು ಬೀಜ ತಂದಿದ್ದ. ಬದುಕಿದ್ದು ಒಂದೇ. ಬಂಡೆಯ ಬಿರುಕಿನಲ್ಲಿ ಬೆಳೆಯುವ ಪೊದೆ ಅದು. ಬೆಳಗಾವಿಯ ಮಳೆ ತಾಗದಂತೆ ಕಾಲೇಜಿನ ತೋಟದಲ್ಲಿ ತಗಡು ಹೊದಿಸಿ, ಕಲ್ಲುಚೂರು ತುಂಬಿದ ಕುಂಡದಲ್ಲಿ ಸಾಕಿದ್ದೆ. ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿಸಿ ಸತ್ತಂತೆ ನಿಲ್ಲುತ್ತದೆ. ಆಗ ನೀರು ಹಾಕಿದರೆ ಬೇರು ಕೊಳೆಯುತ್ತದೆ. ಈ ವರ್ಷ ಮೊದಲ ಸಲ ಮೊಗ್ಗು ಬಿಟ್ಟಿತ್ತು. ಬೀಜ ಕಟ್ಟಿದ್ದರೆ ಇನ್ನಷ್ಟು ಗಿಡ ಮಾಡುತ್ತಿದ್ದೆ.

ಪರೀಕ್ಷೆಯ ಕೆಲಸಕ್ಕೆಂದು ಧಾರವಾಡಕ್ಕೆ ಹೋಗಿ ಹದಿನೈದು ದಿನಕ್ಕೆ ಬಂದು ನೋಡಿದರೆ ಕುಂಡದ ತುಂಬ ಕೆಸರು. ಮುಟ್ಟಿದ ಕೂಡಲೇ ಕಾಂಡ ಕೈಗೇ ಬಂತು. ಮಾಲಿ ಕೃಷ್ಣಾಜಿ ಜ್ವರದಿಂದ ಖಾನಾಪುರದ ಮನೆಯಲ್ಲಿ ಮಲಗಿದ್ದ. ಬದಲಿಗೆ ಅವನ ಹೆಂಡತಿ ಕೃಷ್ಣಾಬಾಯಿ ದಿನಾ ರೈಲಿನಲ್ಲಿ ಬಂದು ತೋಟ ನೋಡಿಕೊಂಡಿದ್ದಳು.

ಅವರ ಬಾಗಿಲಲ್ಲೇ ಅಬ್ಬರಿಸಿದೆ. "ಗಿಡಾ ಕೊಂದಿಯಲ್ಲ ಬಾಯಿ! ನೀರ ಹಾಕಬ್ಯಾಡ್ರಿ ಅಂತ ಬೋರ್ಡ್ ಹಾಕೇನಿ, ಕಣ್ಣಿಗಿ ಬೀಳಲಿಲ್ಲೇನ?"

ಅವಳು ಗಾಬರಿಯಿಂದ ಸೆರಗು ಹೊದ್ದಳು. "ಒಣಗೇತಿ ಅಂತ ಜೀವ ಚುರ್ ಅಂತ್ರೀ ಸಾಹೇಬ್ರ. ನಳಕ್ಕ ನೀರಿರಲಿಲ್ಲ, ಬಾವಿಂದ ಸೇದಿ ದಿನಾ ಎರಡ ಕೊಡಾ ಹಾಕೀನಿ."

"ಬೋರ್ಡ್ ಓದಬೇಕಿಲ್ಲ?"

"ಕನ್ನಡ ಮಾತಾಡಾಕ ಬರತೈತ್ರಿ, ಓದಾಕ ಬರೂದಿಲ್ಲ. ಮರಾಠಿ ಸಾಲಿ ಕಲ್ತಾಕಿ ನಾ. ಜ್ವರದಾಗ ಇವರಿಗೆ ಹೇಳಾಕ ಎಚ್ಚರ ಇರಲಿಲ್ಲ. ಬೋರ್ಡಿನ ಕೆಳಗ ಇವರು ಮರಾಠಿಯೊಳಗೂ ಬರದಿದ್ರಂತ. ಅದರ ಮ್ಯಾಲ ಯಾರೋ ಡಾಂಬರ ಬಳದಾರ್ರಿ."

ಹಾಸಿಗೆಯಲ್ಲಿದ್ದ ಕೃಷ್ಣಾಜಿ ಕಂಬಳಿ ಸರಿಸಿ ನನ್ನನ್ನು ನೋಡಿದ. ಯಾರು ಬಳಿದರೆಂದು ಅವನಿಗೆ ಗೊತ್ತಿತ್ತು. ಊರಲ್ಲಿ ಭಾಷೆಯ ಗಲಾಟೆ ಎದ್ದಾಗ, "ನನ್ನ ತೋಟದಾಗ ಕನ್ನಡ ಒಂದ ಇರಬೇಕು" ಎಂದು ಬ್ರಷ್ಷು ಹಿಡಿದವನು ನಾನೇ. ಡಾಂಬರಿನ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದವನು ಅವನು. ಹೆಂಡತಿಗೆ ನನ್ನ ಹೆಸರು ಹೇಳಿರಲಿಲ್ಲ.

"ಚಹಾ ಮಾಡ," ಎಂದ ಅವಳಿಗೆ. "ಸಾಹೇಬ್ರು ದಣದಾರ."

ಆ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಅವನು ನಾಲ್ಕು ಮಾತು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನನ್ನ ಸಿಟ್ಟೆಲ್ಲ ನನ್ನ ಮೇಲೇ ಬಂದು ಕೂತಿತ್ತು.

ಸಂಜೆ ತೋಟಕ್ಕೆ ಬಂದು ಮೊಳೆ ಹಿಡಿದು ಡಾಂಬರು ಕೆರೆದೆ. ಉಗುರು ಕಿತ್ತು ರಕ್ತ ಬಂತು. ಡಾಂಬರಿನ ಜೊತೆ ಬಣ್ಣವೂ ಎದ್ದು ಬಂತು. ಕೆಳಗೆ ಕೃಷ್ಣಾಜಿಯ ಒಂದು ಅಕ್ಷರವೂ ಉಳಿದಿರಲಿಲ್ಲ.