ಹುಣಸೆ ಬೊಡ್ಡೆ ಮತ್ತು ಬಸ್ಸಿನ ಮೂಲೆ

ಇದು ನಡೆದದ್ದೇ. ಚಳ್ಳಕೆರೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಹೌದು ಅಂತಾರೆ. ಓಂಕಾರಮೂರ್ತಿಯನ್ನು ಮಾತ್ರ ಕೇಳಬೇಡಿ, ಕೈಗೆ ಸಿಕ್ಕಿದ್ದು ಎತ್ತಿಕೊಂಡು ಬರ್ತಾನೆ.

ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡು ಅವನದು. ಅಲ್ಲಿ ಇಪ್ಪತ್ತೆರಡು ವರ್ಷ ತಗಡು ಬಡಿದೂ ಬಡಿದೂ ದೊಡ್ಡಪಾಲಯ್ಯನ ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿ ಹೋಗುವ ದಾರಿಯಲ್ಲಿತ್ತು. ಬಸ್ಸಿನ ನೆತ್ತಿಗೆ ನಾಲ್ಕು ಮೂಲೆ ಇರುತ್ತವಲ್ಲ, ಬೋಗುಣಿಯಂಗೆ ಗುಂಡಗೆ ಬಾಗಬೇಕು. ಆ ತಗಡು ಅವನೊಬ್ಬನ ಕೈಯಲ್ಲೇ ಆಗೋದು. ಅವನ ಸಾಮಾನು ಮೂರೇ. ಒಂದು ಮರದ ಕೊಡತಿ. ಬೇವಿನ ತುಂಡಲ್ಲಿ ತಾನೇ ಕೆತ್ತಿಕೊಂಡ ಒಂದು ಅಚ್ಚು. ಪರಶುರಾಂಪುರದ ಕಡೆಯಿಂದ ಅವರಪ್ಪ ಗಾಡಿ ಮೇಲೆ ಹೇರಿಕೊಂಡು ತಂದಿದ್ದ ಒಂದು ಹುಣಸೆ ಬೊಡ್ಡೆ. ಬೊಡ್ಡೆಯ ತಲೆ ಮೇಲೆ ಐದು ಗುಳಿ. ಎಲ್ಲಕ್ಕಿಂತ ದೊಡ್ಡ ಗುಳಿಗೆ ಕೆಲಸಗಾರರು 'ಸಾವ್ಕಾರ್ರ ಹೊಟ್ಟೆ' ಅಂತ ಹೆಸರಿಟ್ಟಿದ್ದರು. ಅದರೊಳಕ್ಕೆ ಬಡಿಯೋದಂದ್ರೆ ಎಲ್ಲರಿಗೂ ಒಂಥರಾ ಹುರುಪು.

"ಸಾವ್ಕಾರ್ರೇ, ಒಂದು ಇಎಸ್‌ಐ ಕಾರ್ಡ್ ಮಾಡ್ಸಿಕೊಡ್ರಿ. ಡಾಕ್ಟ್ರಿಗೆ ಕಿವಿ ತೋರುಸ್ಬೇಕು."

ಓಂಕಾರಮೂರ್ತಿ ಉತ್ತರ ಕೊಡುತ್ತಿದ್ದ. ದನಿ ಮಾತ್ರ ಇರುತ್ತಿರಲಿಲ್ಲ. ತುಟಿ ಆಡಿಸಿ, ಕೈ ತಿರುವಿ, ಹುಬ್ಬು ಹಾರಿಸಿ ಸುಮ್ಮನಾಗುತ್ತಿದ್ದ. ತನಗೇ ಕೇಳಿಸಲಿಲ್ಲವೆಂದುಕೊಂಡು ದೊಡ್ಡಪಾಲಯ್ಯ "ಆಗ್ಲಿ ಸಾವ್ಕಾರ್ರೇ" ಎಂದು ತಲೆಯಾಡಿಸುತ್ತಿದ್ದ. ಹಿಂದೆ ನಿಂತವರು ಕಿಸಕ್ಕನೆ ನಗುತ್ತಿದ್ದರು. ಮೊಳಕಾಲ್ಮೂರಿನ ವೆಲ್ಡರ್ ಗಾದ್ರಪ್ಪನೂ ಮೊದಮೊದಲು ನಕ್ಕಿದ್ದ. ಆಮೇಲೆ ಅವನ ಕಿವಿಯಲ್ಲೂ ಗುಂಯ್ ಅನ್ನತೊಡಗಿತು. ನಗು ನಿಂತಿತು.

ದಸರಾಕ್ಕೆ ಮುಂಚೆ ಓಂಕಾರಮೂರ್ತಿ ಬಂದು ಅಚ್ಚು ಎತ್ತಿಕೊಂಡ.

"ದೀಪಾವಳಿಗೆ ಹನ್ನೊಂದು ಬಸ್ ಕೊಡ್ಬೇಕು ಕಣ್ಲೇ. ಇದನ್ನ ನೋಡಿ ಕಬ್ಬಿಣದ ಅಚ್ಚು ಎರಕ ಹೊಯ್ಸಿ, ಪ್ರೆಸ್ ಮಿಷನ್‌ಗೆ ಕೂರುಸ್ತೀನಿ. ಒಂದೇ ಒತ್ತು, ಮೂಲೆ ರೆಡಿ."

"ಅಚ್ಚಲ್ಲಿ ಅರ್ಧ ಕೆಲ್ಸ ಸಾವ್ಕಾರ್ರೇ. ಮಿಕ್ಕಿದ್ದು..."

"ಕೇಳಾಕೆ ಕಿವಿ ಇಲ್ಲ, ಹೇಳಾಕೆ ಬಾಯಿ ಬೇರೆ! ಮುಚ್ಚಲೇ. ಬೊಡ್ಡೆ ಇಲ್ಲೇ ಇರ್ಲಿ, ಆಯುಧಪೂಜೆ ಐತೆ."

ದೊಡ್ಡಪಾಲಯ್ಯ ಕೊಡತಿ ಎತ್ತಿ ಬಗಲಿಗಿಟ್ಟುಕೊಂಡ.

ಪೂಜೆ ದಿನ ಹೆಂಡತಿ ಕೆಂಚಕ್ಕನನ್ನು ಕರೆದುಕೊಂಡು ಬಂದ. ಬೊಡ್ಡೆಗೆಂದು ಅವಳು ಚೆಂಡುಹೂವಿನ ಹಾರ ಕಟ್ಟಿ ತಂದಿದ್ದಳು. ಶೆಡ್ಡಿನ ನಡುವೆ ಬಟ್ಟೆ ಹೊದಿಸಿದ್ದ ಏನೋ ಒಂದು. ಸುತ್ತ ಕೆಲಸಗಾರರು, ಮೊಬೈಲುಗಳು, ಆ ಹನ್ನೊಂದು ಬಸ್ಸಿನ ಮಾಲೀಕ ಶಾಂತವೀರಪ್ಪ.

"ಹಾಕಮ್ಮ ಹಾರ," ಎಂದು ಓಂಕಾರಮೂರ್ತಿ ಬಟ್ಟೆ ಎಳೆದ.

ಹೊಸ ಪ್ರೆಸ್ ಮಿಷನ್ನು.

"ನಮ್ ಬೊಡ್ಡೆ ಎಲ್ರಿ?" ದೊಡ್ಡಪಾಲಯ್ಯ ಕೇಳಿದ.

ಓಂಕಾರಮೂರ್ತಿ ಸದ್ದಿಲ್ಲದೆ ತುಟಿ ಆಡಿಸಿ ಹಿತ್ತಲ ಕಡೆ ಕೈ ತೋರಿಸಿದ. ಅಲ್ಲಿ ಮೂರು ಕಲ್ಲಿನ ಮೇಲೆ ಪಾಯಸದ ಕೊಪ್ಪರಿಗೆ. ಕೆಳಗೆ 'ಸಾವ್ಕಾರ್ರ ಹೊಟ್ಟೆ' ಎರಡು ಹೋಳಾಗಿ ಧಗಧಗ ಉರಿಯುತ್ತಿತ್ತು.

"ನಿಮ್ಮಪ್ಪನ ಬೊಡ್ಡೇಲಿ ಬೆಂದ ಪಾಯಸ ಕಣ್ಲೇ! ಎರಡು ಲೋಟ ಕುಡ್ಕೊಂಡು ಹೋಗು. ನಾಳೆಯಿಂದ ಬರಾದು ಬ್ಯಾಡ."

ಒಂದಿಬ್ಬರು ನಕ್ಕರು. ಕೆಂಚಕ್ಕ ಹಾರ ಹರಿದು ಅವನ ಕಾಲ ಬುಡಕ್ಕೆಸೆದಳು. "ಅನ್ನ ಹಾಕಿದ್ದನ್ನ ಸುಟ್ಟೆಯಲ್ಲೋ, ನಿನ್ ಕೈಗೆ ಕರಿನಾಗರ ಕಡಿಯ!" ಬೊಡ್ಡೆ ಇದ್ದ ಜಾಗದಲ್ಲಿ ನೆಲ ಬಟ್ಟಲಿನಂಗೆ ತಗ್ಗಾಗಿತ್ತು. ದೊಡ್ಡಪಾಲಯ್ಯ ಅದರಲ್ಲೇ ಕುಕ್ಕರುಗಾಲಲ್ಲಿ ಕೂತ.

ಮಿಷನ್ನು ಒತ್ತಿತು. ತಗಡು ಪಳಪಳ ಹೊಳೆಯುತ್ತ ಹೊರಬಂತು. ಓಂಕಾರಮೂರ್ತಿ ತಾನೇ ಏಣಿ ಹತ್ತಿ ಬಸ್ಸಿನ ಮೂಲೆಗಿಟ್ಟ. ನಾಲ್ಕು ಬೆರಳು ಸಂದು. ಆ ಕಡೆ ಎಳೆದ, ಈ ಕಡೆ ಎಳೆದ. ಅಪ್ಪನ ತಲೆಗೆ ಕೂಸಿನ ಕುಲಾವಿ ಇಟ್ಟಂಗಿತ್ತು.

"ಇದ್ಯಾಕೆ ಚಿಕ್ಕದು?"

"ಸಾವ್ಕಾರ್ರೇ, ಅಚ್ಚಿನ ಮೇಲೆ ಚಿಕ್ಕದಾಗೇ ಬರಾದು," ಎಂದ ಗಾದ್ರಪ್ಪ. "ಆಮೇಲೆ ಅದನ್ನ ಬೊಡ್ಡೆ ಗುಳಿಯೊಳಗೆ ಅಂಗಾತ ಹಾಕಿ, ತಟ್ಟಿ ತಟ್ಟಿ ಅಗಲ ಮಾಡ್ತಿದ್ದ. ಇಪ್ಪತ್ತೆರಡು ವರ್ಷದಾಗೆ ಒಂದ್ ದಿನನೂ ನೋಡಿಲ್ವೇನ್ರಿ ನೀವು?"

ಎಲ್ಲರ ಕಣ್ಣೂ ಕೊಪ್ಪರಿಗೆ ಕೆಳಕ್ಕೆ ಹೋದವು. ಅಲ್ಲೀಗ ಬರೀ ಕೆಂಡ.

"ದೀಪಾವಳಿಗೆ ಬಸ್ ಬರ್ಲಿಲ್ಲ ಅಂದ್ರೆ ನಾನು ಬೇರೆ ಶೆಡ್ ನೋಡ್ಕಂತೀನಿ," ಎಂದು ಶಾಂತವೀರಪ್ಪ ಚಪ್ಪಲಿ ಮೆಟ್ಟಿದ.

ಓಂಕಾರಮೂರ್ತಿ ಏಣಿ ಇಳಿದು ಬಂದು ದೊಡ್ಡಪಾಲಯ್ಯನ ಪಕ್ಕ ಬಗ್ಗಿ ಪಿಸುಗುಟ್ಟಿದ. "ದೊಡ್ಡಪಾಲಯ್ಯ, ಇನ್ನೊಂದು ಬೊಡ್ಡೆ ಕೆತ್ತಪ್ಪ."

ದೊಡ್ಡಪಾಲಯ್ಯ ಬಲಗಿವಿ ಒಡ್ಡಿದ. "ಕೇಳುಸ್ತಿಲ್ಲ ಸಾವ್ಕಾರ್ರೇ."

"ಬೊಡ್ಡೆ ಕೆತ್ಕೊಡಪ್ಪ!"

"ಇನ್ನೂ ಜೋರು."

"ಕೈ ಮುಗೀತೀನಿ! ಬೊಡ್ಡೆ ಕೆತ್ತಯ್ಯಾ!" ರಸ್ತೆಯಲ್ಲಿ ಹೋಗುತ್ತಿದ್ದ ಆಟೋ ನಿಂತಿತು.

ಗಾದ್ರಪ್ಪ ಮುಖದ ವೆಲ್ಡಿಂಗ್ ಗಾಜು ತೆಗೆದು ನೆಲಕ್ಕಿಟ್ಟ. "ಹುಣಸೆ ಬೊಡ್ಡೆ ನೆರಳಾಗೆ ಎರಡು ವರ್ಷ ಒಣಗ್ಬೇಕು ಸಾವ್ಕಾರ್ರೇ. ಅಲ್ಲಿಗಂಟ ನಾವೂ ಹೊರಗೆ ನೆರಳಾಗಿರ್ತೀವಿ. ಇಎಸ್‌ಐ ಕಾರ್ಡ್ ಬಂದಾಗ ಕೂಗ್ರಿ. ಎಲ್ಲಾರದೂ ಬರ್ಬೇಕು." ನಕ್ಕಿದ್ದ ಆ ಒಂದಿಬ್ಬರೂ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಅವನ ಹಿಂದೆ ನಿಂತರು.

"ನೀನೇನಂತೀಯೋ?" ಓಂಕಾರಮೂರ್ತಿ ದೊಡ್ಡಪಾಲಯ್ಯನ ಭುಜ ಅಲ್ಲಾಡಿಸಿದ.

ದೊಡ್ಡಪಾಲಯ್ಯ ಎದ್ದ. ತುಟಿ ಆಡಿಸಿದ, ಕೈ ತಿರುವಿದ, ಹುಬ್ಬು ಹಾರಿಸಿದ. ಥೇಟ್ ಓಂಕಾರಮೂರ್ತಿ. ದನಿ ಮಾತ್ರ ಇರಲಿಲ್ಲ.

ಮೊದಲು ಕೆಂಚಕ್ಕ ನಕ್ಕಳು. ಆಮೇಲೆ ಗಾದ್ರಪ್ಪ, ಆಮೇಲೆ ಇಡೀ ಶೆಡ್ಡು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ದೊಡ್ಡಪಾಲಯ್ಯ. ಎಷ್ಟು ಜೋರೆಂದರೆ, ಅವನಿಗೇ ಕೇಳಿಸಿತು.