ಮಾಣಿಕಪ್ಪನ ಕುರ್ಚಿ

ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದು ಮಾವ ಮಾಣಿಕಪ್ಪನದು. ಅವನು ಹೊಲಕ್ಕೆ ಹೋದಾಗಲೂ ಮಹಾನಂದಾ ಅದರ ಮೇಲೆ ಕೂತವಳಲ್ಲ. ಹಾಗೆ ಕೂತ ಸೊಸೆಯನ್ನು ಕಂಗ್ಟಿ ಸೀಮೆಯ ಆ ಊರು ಕಂಡದ್ದೂ ಇಲ್ಲ.

ಬಿ.ಪಿ. ಮಿಷನ್ ಬಂದದ್ದು ಜೋಳ ಬಿತ್ತುವ ಹೊತ್ತಿಗೆ. ಹೋದ ವರ್ಷ ಅವಳ ಅಕ್ಕ ಚಂದ್ರಾಬಾಯಿಗೆ ಬಿ.ಪಿ. ಏರಿ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ತನಗೂ ಬಿ.ಪಿ. ಇದೆ ಎಂದು ತಿಳಿದಾಗ ಮಹಾನಂದಾ ಮೊದಲು ನೋಡಿಕೊಂಡದ್ದು ತನ್ನ ಬಲಗೈಯನ್ನೇ.

ನರ್ಸ್ ಧಮ್ಮಶೀಲಾ ಮಿಷನ್ ತಂದುಕೊಟ್ಟು ಹೊರಗಿನ ಕಟ್ಟೆಯ ಮೇಲೇ ಕಲಿಸಿದಳು. ದಲಿತ ಬೌದ್ಧರ ಓಣಿಯ ಹುಡುಗಿಯನ್ನು ಮಾಣಿಕಪ್ಪ ಒಳಗೆ ಕರೆಯಲಿಲ್ಲ, ಕುರ್ಚಿಯನ್ನೂ ಹೊರಗೆ ತರಲಿಲ್ಲ.

"ಕುರ್ಚಿಗಿ ಬೆನ್ನ ಹಚ್ಚಿ ಕೂಡ್ರಿ, ಅಕ್ಕಾ. ಪಟ್ಟಿ ಕಟ್ಟಿದ ತೋಳು ಎದಿ ಸಮ ಇರಬೇಕು. ಐದು ನಿಮಿಷ ಸುಮ್ಕ ಕೂತು ಆಮ್ಯಾಲ ಗುಂಡಿ ಒತ್ರಿ. ನಡಕ ಮಾತಾಡಬ್ಯಾಡ್ರಿ."

ಮಹಾನಂದಾ ತಲೆಯಾಡಿಸಿದಳು. ಕುರ್ಚಿಯ ಮಾತನ್ನು ಕಟ್ಟೆಯ ಮೇಲೇ ಬಿಟ್ಟು ಉಳಿದದ್ದನ್ನು ಒಳಗೆ ಒಯ್ದಳು.

"ಕೆಳಗ ಇಟ್ಟರ ಒಡೀತದ," ಎಂದು ಮಾವ ಮಿಷನ್ನನ್ನು ತನ್ನ ಕುರ್ಚಿಯ ಪಕ್ಕದ ಗೋಡೆಗೂಡಿನಲ್ಲಿಟ್ಟ. ಅದರ ಕೊಳವೆ ಗಿಡ್ಡ. ದಿನಾ ಬೆಳಿಗ್ಗೆ ಅವಳು ಅವನ ಕಾಲ ಬಳಿ ನೆಲಕ್ಕೆ ಕೂತು, ತೋಳನ್ನು ಮೇಲಕ್ಕೆ ಚಾಚಿ ಗೂಡಿನ ಅಂಚಿಗೆ ಆನಿಸಿ ನೋಡಿಕೊಂಡಳು. ನೂರಾ ಇಪ್ಪತ್ತಾರು. ನೂರಾ ಇಪ್ಪತ್ತೆಂಟು. ಮೂರು ವಾರ ಹೀಗೇ.

"ಎಲ್ಲಾ ಬರೋಬರ ಅದ. ಇನ್ನ ಗುಳಿಗಿ ಯಾಕ?" ಎಂದ ಮಾವ. ಗಂಡ ಸಂಗು ಬಿ.ಪಿ. ಗುಳಿಗೆ ತರುವುದನ್ನು ಬಿಟ್ಟ. ಕೊಯ್ಲು ಶುರುವಾಗಿ ಅವಳು ತಲೆ ಸಿಡಿಯುತ್ತದೆ ಎಂದರೆ ಮಾವನದು ಒಂದೇ ಮಾತು, "ಮಿಷನ್ ಸುಳ್ಳ ಹೇಳ್ತದೇನು? ತೊಗರಿ ಕೊಯ್ಯಾಕ ನಿನಗ ಬ್ಯಾಸರ, ಅಷ್ಟ!"

ತೊಗರಿ ಕೊಯ್ಲು ಮುಗಿಯುವ ಹೊತ್ತಿಗೆ ಧಮ್ಮಶೀಲಾ ನಂಬರ್ ಬರೆದಿಡುವ ವಹಿ ನೋಡಲು ಬಂದಳು. ಗೂಡಿಗೆ ತೋಳು ಚಾಚಿ ಕೂತ ಮಹಾನಂದಾಳನ್ನು ತೆರೆದ ಬಾಗಿಲಿಂದ ಕಂಡು ಅವಳಿಗೆ ನಗು ಬಂತು.

"ಅದೇನಕ್ಕಾ, ಬಸ್ಸಿನಾಗ ಕಂಬಿ ಹಿಡಿದಂಗ!"

ಮರುಗಳಿಗೆ ನಗು ಇಂಗಿತು. ಯಾರೂ ಕರೆಯದೆಯೇ ಹೊಸ್ತಿಲು ದಾಟಿ ಬಂದಳು. "ಕೈ ಮ್ಯಾಲ ಎತ್ತಿದರ ನಂಬರ ಕೆಳಗ ಬೀಳ್ತದ. ಇಷ್ಟ ದಿನ ಹಿಂಗ ನೋಡೀರೇನು? ಕಾಕಾ, ಸ್ವಲ್ಪ ಏಳ್ರಿ."

"ಮಾವನ ಮುಂದ ಸೊಸಿ ಕುರ್ಚಿ ಏರೋದು ನಿಮ್ಮ ಓಣ್ಯಾಗ ಇರಬಹುದು."

"ಅದ ರೀ. ನಮ್ಮವ್ವ ಏರ್ತಾಳ. ಆಕಿ ನಂಬರ ಖರೇ ಬರ್ತದ."

ಮಹಾನಂದಾ ಗೂಡಿನ ಅಂಚಿನಿಂದ ತೋಳು ಇಳಿಸಿದಳು. ತಲೆ ಹಿಡಿದುಕೊಂಡು ತೊಗರಿ ಕೊಯ್ದ ದಿನಗಳು. ಭಿಕ್ಷೆ ಬೇಡುವವಳಂತೆ ಮಾವನ ಕಾಲ ಬಳಿ ಕೈ ಎತ್ತಿ ಕೂತ ಬೆಳಗುಗಳು. ಗೂಡಿನಿಂದ ಮಿಷನ್ ಎಳೆದುಕೊಂಡು ಎದ್ದು ನಿಂತಳು.

"ಏಳ್ರಿ, ಮಾವಾ."

"ಏನಂದಿ?"

"ಅಕ್ಕನ ಕೈ ಹೋಗ್ಯಾದ. ನನ್ನ ಕೈನೂ ಹೋದರ ನಿಮಗ ರೊಟ್ಟಿ ಬಡಿಯಾಕ ಈ ಕುರ್ಚಿ ಬರ್ತದೇನು? ಏಳ್ರಿ!"

ಇಪ್ಪತ್ತೆರಡು ವರ್ಷದಲ್ಲಿ ಆ ದನಿಯನ್ನು ಅವನು ಕೇಳಿರಲಿಲ್ಲ. ಎದ್ದ. ಎದ್ದವನು ಬಾಯಿ ತೆರೆದ: ಮನೆತನ, ಮರ್ಯಾದೆ, ಹಾಳಾದ ಕಾಲ. ಮಹಾನಂದಾ ಕೂತು ಬೆನ್ನು ಆನಿಸಿ, ಪಾದಗಳನ್ನು ನೆಲಕ್ಕೆ ಊರಿದಳು. ಧಮ್ಮಶೀಲಾ ಹಿಟ್ಟಿನ ಡಬ್ಬಿ ಎಳೆದು ತಂದು, ಅದರ ಮೇಲೆ ಅವಳ ತೋಳು ಎದೆಯ ಸಮಕ್ಕೆ ಇಟ್ಟಳು. "ಸಿಟ್ಟ ಇಳೀಲಿ, ಅಕ್ಕಾ. ಐದು ನಿಮಿಷ."

ಇಳಿಯಲಿಲ್ಲ. ಹತ್ತು ನಿಮಿಷ ಕಾದರು. ಮಾವ ಬೈಯುತ್ತಲೇ ಇದ್ದ, ಅವಳು ತುಟಿ ಬಿಚ್ಚಲಿಲ್ಲ.

ನೂರಾ ಅರವತ್ತೆಂಟು. ಮತ್ತೊಮ್ಮೆ ನೋಡಿದರೆ ನೂರಾ ಅರವತ್ತಾರು. ಎರಡನ್ನೂ ಅವಳೇ ವಹಿಯಲ್ಲಿ ಒತ್ತಿ ಬರೆದಳು, ಹಾಳೆ ಹರಿಯಿತು.

"ಇದು ಸಿಟ್ಟಿನ ನಂಬರ," ಎಂದ ಸಂಗು, ಬಾಗಿಲಲ್ಲಿ ನಿಂತು.

"ನಾಳಿ ಮತ್ತ ಇಲ್ಲೇ ಕೂತು ನೋಡ್ತೀನಿ. ನೀವು ಈಗ ಧಮ್ಮಶೀಲಾ ಸಂಗಟ ಹೋಗಿ ಗುಳಿಗಿ ತರ್ರಿ. ಅಲ್ಲೀತನ ಒಲಿ ಹೊತ್ತೋದಿಲ್ಲ."

ಸಂಗು ಚಪ್ಪಲಿ ಮೆಟ್ಟಿದ. ಮಹಾನಂದಾ ಕುರ್ಚಿಯಿಂದ ಏಳಲಿಲ್ಲ. ಮಾಣಿಕಪ್ಪ ನಿಂತೇ ಇದ್ದ. ಕೊನೆಗೆ ಕಾಲು ಸೋತು, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.