ಹನ್ನೊಂದು ಕಿಲೋ

ಆ ಕಾರು ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ತೂಕದಣ್ಣ ಎಂದೇ ಕರೆಯುತ್ತಿದ್ದರು. ಬೋಲ್ಟೊಂದನ್ನು ಅಂಗೈಯಲ್ಲಿ ಆಡಿಸಿ ಎಷ್ಟು ಗ್ರಾಂ ಎಂದು ಹೇಳಿಬಿಡುತ್ತಿದ್ದ.

ಒಂದು ಚಾರ್ಜಿಗೆ ನೂರಿಪ್ಪತ್ತು ಕಿಲೋಮೀಟರ್ ಓಡಬೇಕಿದ್ದ ಪುಟ್ಟ ವಿದ್ಯುತ್ ಕಾರು ನೂರಹದಿನೆಂಟಕ್ಕೇ ಕೈಚೆಲ್ಲುತ್ತಿತ್ತು.

“ದೊಡ್ಡ ಬ್ಯಾಟರಿ ಹಾಕೋಣ್ವಾ?” ಎಂದ ಮಾಲೀಕ.

“ಹಾಕಿ ಸಾರ್. ಬೆಲೆ ಏರುತ್ತೆ, ತೂಕ ಏರುತ್ತೆ, ಆ ತೂಕ ಎಳೆಯೋಕೆ ಇನ್ನಷ್ಟು ಬ್ಯಾಟರಿ ಬೇಕಾಗುತ್ತೆ. ಕೊನೆಗೆ ಬ್ಯಾಟರಿ ಕಾರಲ್ಲಿ ಹೋಗುತ್ತೆ, ಜನ ನಡ್ಕೊಂಡು ಹೋಗ್ತಾರೆ.”

ಉಪಾಯ ಹೇಳಿದವನೂ ತೂಕದಣ್ಣನೇ. ಬ್ಯಾಟರಿಗೆ ಕಲ್ಲು ಬಡಿಯದಂತೆ ಕಾರಿನ ಅಡಿಗೆ ಹಾಕುವ ಉಕ್ಕಿನ ಪ್ಲೇಟು ಹನ್ನೊಂದು ಕಿಲೋ. ಅದನ್ನು ಬಿಚ್ಚಿ ಮೂರು ಕಾರು ಓಡಿಸಿ ನೋಡಿದರು. ನೂರಿಪ್ಪತ್ತು ದಾಟಿತು. ಅಷ್ಟೇ ಗಟ್ಟಿಯಾದ ಹಗುರ ಪ್ಲೇಟು ಸಿಗುವವರೆಗೆ ಹಳೆಯದನ್ನೇ ಮತ್ತೆ ಹಾಕಬೇಕೆಂದು ಮಾತಾಯಿತು; ಕಲ್ಲೇಟು ತಿಂದ ಬ್ಯಾಟರಿ ಸಿಹಿ ವಾಸನೆಯ ಅನಿಲ ಕಾರಿ ಹೊತ್ತಿಕೊಳ್ಳಬಹುದು. ಮರೆಯದಿರಲೆಂದು ಅವನು ಮೂರರ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ ದೊಡ್ಡ ಗುಣಾಕಾರದ ಗುರುತು ಎಳೆದ. ಎರಡಕ್ಕೆ ಪ್ಲೇಟು ಕೂತಿತು. ಮೂರನೆಯದು ಸಾಲಿನಲ್ಲಿ ಕಾದಿತ್ತು.

ಶನಿವಾರ ಬೆಳಿಗ್ಗೆ ಅವನ ಮಗಳು ತನ್ನ ಹೊಸ ಕಾರು ಒಯ್ಯಲು ಬಂದಳು. ಗೇಟು ದಾಟುವ ಪ್ರತಿ ಕಾರೂ ತೂಕದ ಯಂತ್ರದ ಮೇಲೆ ಹಾಯಬೇಕು. ಆರುನೂರ ತೊಂಬತ್ತೊಂಬತ್ತು ತೋರಿಸಿತು. ಕಾರಿನ ಆರುನೂರೈವತ್ತು ಕಳೆದು ಅವನು ನಕ್ಕ.

“ನಲವತ್ತೊಂಬತ್ತೇನೇ ಪುಟ್ಟಿ? ಊಟ ಬಿಟ್ಟಿದ್ದೀಯಾ?”

“ನಿನ್ನ ಯಂತ್ರದ ಬಾಯಿಗೆ ಸಕ್ಕರೆ ಹಾಕಪ್ಪಾ! ಮಗು ಆದ್ಮೇಲೆ ಸರಿಯಾಗಿ ಅರವತ್ತಿದ್ದೀನಿ.”

ಕೈಬೀಸಿ ಹೋದಳು. ಅವನು ನಗುತ್ತಲೇ ಒಳಗೆ ತಿರುಗಿದ. ಸಾಲಿನಲ್ಲಿ ಗುರುತಿನ ಕಾರು ಇರಲಿಲ್ಲ.

ತೊಳೆಯುವವನು ಬಟ್ಟೆ ಹಿಂಡುತ್ತಾ ಬಂದ. “ಅಣ್ಣಾ, ನಿಮ್ಮ ಮಗಳ ಕಾರಲ್ವಾ, ಎರಡು ಸಲ ತೊಳೆದೆ. ಯಾರೋ ಬಾಗಿಲ ಮೇಲೆಲ್ಲಾ ಗೀಚಿದ್ರು ನೋಡಿ.”

ಅರವತ್ತರಲ್ಲಿ ನಲವತ್ತೊಂಬತ್ತು ಕಳೆದರೆ ಹನ್ನೊಂದು. ಅವನು ಗೇಟಿನತ್ತ ಓಡಿದ.

ಫೋನ್ ಮಾಡಿದ. ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಎತ್ತಬಾರದೆಂದು ಕಲಿಸಿದವನು ಅವನೇ. ಅವಳ ಮನೆಗೆ ಹೋಗುವ ಕೊನೆಯ ಎರಡು ಕಿಲೋಮೀಟರ್ ಅಗೆದು ಹಾಕಿದ ಜಲ್ಲಿಯ ದಾರಿ. ಗೇಟಿನ ಬಳಿ ನಿಂತೇ ಹದಿನೇಳು ಸಲ ಮಾಡಿದ.

ಕೊನೆಗೆ ಅವಳೇ ಮಾಡಿದಳು. “ಏನಪ್ಪಾ ಇಷ್ಟು ಸಲ! ಸುಖವಾಗಿ ಬಂದೆ. ಇನ್ನೂ ಎಪ್ಪತ್ತು ಕಿಲೋಮೀಟರ್ ಉಳಿದಿದೆ, ಗೊತ್ತಾ? ಜಲ್ಲಿ ಹತ್ರ ಅಡಿಗೇನೋ ಟಕ್ ಅಂತು, ಅಷ್ಟೇ. ಚಾರ್ಜಿಗೆ ಹಾಕಿದೀನಿ.”

“ಮಗು ಎಲ್ಲಿ?”

“ಕಾರಲ್ಲೇ. ಅತ್ತೆ ತೊಡೆ ಮೇಲೆ ಕೂತು ಸ್ಟೇರಿಂಗ್ ತಿರುಗಿಸ್ತಿದಾನೆ.”

“ಇಳಿಸು. ಪ್ಲಗ್ ಮುಟ್ಟಬೇಡ. ಮೊದಲು ಅವರನ್ನ ಇಳಿಸು, ಓಡು!”

“ಯಾಕೆ... ಅಪ್ಪಾ, ಇದೇನು ಸಿಹಿ ಸಿಹಿ ವಾಸನೆ?”

ಫೋನು ನೆಲಕ್ಕೆ ಬಿದ್ದ ಸದ್ದು. ಅವಳ ಓಟ. ಅದರ ಹಿಂದೆಯೇ, ಕುಕ್ಕರಿನಿಂದ ಉಗಿ ಹೊರಡುವಂಥ ಒಂದು ಸಣ್ಣ ಸುಯ್ಲು ಅವನ ಕಿವಿಗೆ ಬೀಳತೊಡಗಿತು.